ಹಾರ್ಮೋನಿಯಂ ಕೆಳಗಿನ ಕಲ್ಲು

ಬೆಟಗೇರಿಯ ಹಳೇ ಚರ್ಚಿನ ನೆಲಕ್ಕೆ
ಸೋಮವಾರದಿಂದ ಹೊಸ ಟೈಲ್ಸು.
ಅಷ್ಟರೊಳಗೆ ಹನ್ನೊಂದು ಕಲ್ಲು
ಓದಿ, ಅಳೆದು, ಅಚ್ಚು ತೆಗೆದು ಮುಗಿಸಬೇಕು.
ನಿನ್ನೆ ಐದು ಆದವು. ಇವತ್ತು ಶನಿವಾರ.

ಟೈಲ್ಸಿನ ಮೌಲಾಸಾಬ ಆಗಲೇ ದಾರ ಕಟ್ಟಿ ಹೋಗಿದ್ದಾನೆ
ಗೋಡೆಯಿಂದ ಗೋಡೆಗೆ,
ಸತ್ತವರ ಹೆಸರಿನ ಮೇಲೆ ಒಂದು ಗೇಣು ಎತ್ತರಕ್ಕೆ.
ದಾಟಿ ದಾಟಿ ನೀರಿನ ಬಕೀಟು ತರುತ್ತೇನೆ.

ಮೊದಲು ತೊಳೆಯುವುದು.
ತೆಂಗಿನ ನಾರು, ಆಮೇಲೆ ಹಲ್ಲುಜ್ಜುವ ಬ್ರಷ್ಷು,
ಆಮೇಲೆ, ಯಾರೂ ನೋಡದಿದ್ದರೆ, ಉಗುರು.
ಅಕ್ಷರದ ಹೊಟ್ಟೆಯಿಂದ ಹೊರಬೀಳುತ್ತವೆ
ಮೇಣ, ಜೋಳದ ನುಚ್ಚು, ಒಂದು ಟಾಚಣಿ,
ಯಾವ ಮದುವೆಯದೋ ಮಿಣುಕಿನ ಚೂರು.
ಒದ್ದೆ ಕಾಗದ ಹಾಸಿ, ಬಡಿದು ಬಡಿದು ತಗ್ಗಿಗಿಳಿಸಿ,
ಅರ್ಧ ಒಣಗಿದ ಮೇಲೆ ಮಸಿ.
ಮಸಿ ಬಯಲಿಗೆ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ.
ಹೀಗಾಗಿ ಕಪ್ಪಾಗುವುದು ಏನೂ ಬರೆಯದ ಜಾಗ;
ಹೆಸರು ಇರುವಲ್ಲಿ ಬರೀ ಕಾಗದ.

ಎಸ್ತೇರವ್ವ ಹೊಂಬಳ ಚಾ ತಂದಳು.
“ಇದಕ್ಕ ನಿನಗ ಪಗಾರ ಕೊಡ್ತಾರೇನ ಯವ್ವಾ?”
ಕೊಡ್ತಾರ, ಅಂದೆ.
“ಚೊಲೊ ಆತು ಬಿಡು,” ಎಂದು
ಇನ್ನೂ ಕಾಗದ ಹಾಸದ ಆರನೆಯದರ ಮೇಲೆ ಕೂತಳು.
“ಇದರ ಮ್ಯಾಲ ನಿಂತ ನಂದು ಮದಿವಿ ಆತು.
ಅವರು ಮಾತು ಕೊಡೂಮುಂದ ನಾ ಕೆಳಗ ನೋಡಿದೆ.
ನಿದ್ರೆ ಅಂತ ಓದಿದೆ. ಮುಂದಿಂದು ಸೀರಿ ಮುಚ್ಚಿತ್ತು.”
ನಾನು ಮುಂದಿನದನ್ನು ಓದಿ ಹೇಳಿದೆ:
ನಿದ್ರೆಹೋದನು. ನೇಕಾರ. ವಯಸ್ಸು ಮೂವತ್ತೊಂದು.
“ಹಿಂಗೇನು,” ಅಂದಳು ಬಟ್ಟಲು ಕೆಳಗಿಟ್ಟು,
ಐವತ್ತೆರಡು ವರ್ಷ ಆದಮೇಲೆ.

ಕೊನೆಯದು ಕಾಲು-ಹಾರ್ಮೋನಿಯಂ ಅಡಿಗೆ.
ಇಬ್ಬರು ಹುಡುಗರು ಹಿಡಿದು ಸರಿಸಿದರು;
ಕಾಲೂರಿದಲ್ಲಿ ನಾಲ್ಕು ಬಿಳಿ ರೂಪಾಯಿ.
ತುಳಿತ ಬೀಳದ ಕಲ್ಲು, ಉಳಿ ಮೊನ್ನೆ ಎದ್ದು ಹೋದ ಹಾಗೆ.
ಒಂದೂವರೆ ಮೊಳ.
ಸಲೋಮಿ. ತಂದೆ ಜೀವಪ್ಪ. ಒಂಬತ್ತು ತಿಂಗಳು.
ಕೆತ್ತಿದವನಿಗೆ ಲೆಕ್ಕ ತಪ್ಪಿದೆ:
‘ಪುನರುತ್ಥಾ’ಕ್ಕೆ ಕಲ್ಲು ಮುಗಿದು
ಉಳಿದೊಂದು ‘ನ’ ಸಾಲಿನ ಮೇಲೆ ಹತ್ತಿ ಕೂತಿದೆ,
ಬಸ್ಸಿನ ಟಾಪು ಏರಿದ ಹುಡುಗನಂತೆ.

ಕಾಗದ ಎಬ್ಬಿಸಿದಾಗ ಇನ್ನೊಂದು ಕಂಡಿತು,
ಕಣ್ಣಿಗೆ ಕಾಣದಿದ್ದದ್ದು.
ಎಲ್ಲಕ್ಕಿಂತ ಮೇಲೆ, ಕೆತ್ತಿ,
ಆಮೇಲೆ ಯಾರೋ ಹೇಳಿದ್ದಕ್ಕೆ ಉಜ್ಜಿ ತೆಗೆದ
ಒಂದು ‘ಶ್ರೀ’.
ಕೈಯ ರೂಢಿ. ಲಕ್ಕುಂಡಿ ಕಡೆಯವನೇನೋ;
ಅದಿಲ್ಲದೆ ಕಲ್ಲು ಎಲ್ಲಿಂದ ಸುರು ಮಾಡುವುದು
ಉಳಿಗೆ ತಿಳಿದಿರಲಿಲ್ಲ.
ಫಾರ್ಮಿನಲ್ಲಿ ಒಂದು ಕಾಲಮ್ಮಿದೆ: ಅಳಿಸಿದ ಭಾಗ.
ತುಂಬಿ ಸಭಾಪಾಲಕರಿಗೆ ತೋರಿಸಿದೆ.
ಬಹಳ ಹೊತ್ತು ನೋಡಿ “ಇರಲಿ” ಅಂದರು.
ಯಾವುದು ಇರಲಿ, ಕೇಳಲಿಲ್ಲ.

ದೀಪ ಹತ್ತಿದ ಮೇಲೆ ಹುಡುಗಿಯರು ಹಾಡು ಕಲಿಯಲು ಬಂದರು.
ಕಿಟಕಿ ಬದಿಯ ಹೊಸ ಜಾಗದಲ್ಲಿ
ಹಾರ್ಮೋನಿಯಂನ ಒಂದು ಕಾಲು ಅಲುಗಾಡುತ್ತಿತ್ತು.
ನಾನು ಹರಿದು ಬಿಸಾಕಿದ ಅಚ್ಚೊಂದನ್ನು
ನಾಲ್ಕು ಮಡಿಕೆ ಮಾಡಿ ಯಾರೋ ಕೆಳಗಿಟ್ಟರು.
ಸರಿ ಹೋಯಿತು.

ಗದಗಿನ ಲಾಡ್ಜಿನಲ್ಲಿ ಕಾಲು ತೊಳೆಯುವಾಗ ನೋಡುತ್ತೇನೆ,
ಬಲ ಮಂಡಿಯ ಮೇಲೆ
ಚೂಡಿದಾರದ ನೇಯ್ಗೆ ಸಮೇತ ಉಬ್ಬಿದ್ದಾನೆ
ಆ ಟಾಪಿನ ಹುಡುಗ,
ಎಡಬಲ ತಿರುಗಿ.
ಓದಿ ಬರೆದುಕೊಳ್ಳುವಾಗ ಅವನ ಮೇಲೆಯೇ ಊರಿದ್ದೆ.
ಅಳತೆಪಟ್ಟಿ ಹೊರಗೆ ಚೀಲದಲ್ಲಿತ್ತು.
ಒದ್ದೆ ಕಾಲಲ್ಲಿ ಹೋಗಿ ತರುವಷ್ಟರಲ್ಲಿ
ಬರೀ ಕೆಂಪು.